ಪೆನಾಂಗಿನ ಬಿಗಿಯಂಗಿಯೂ ನನ್ನ ಹಳೇ ಸೀರೆಯೂ

ನಿಮ್ಮ ಸೊಸೆಗೆ ನೀವು ಯಾವತ್ತಾದರೂ ಚಡ್ಡಿ ತೊಡಿಸಿದ್ದೀರಾ? ಮುಖ ತಿರುಗಿಸಬೇಡಿ, ಉತ್ತರ ಹೇಳಿ. ನಾನು ತೊಡಿಸಿದ್ದೇನೆ. ಅದೂ ಸಮುದ್ರ ದಾಟಿ ಹೋಗಿ, ಮಲೇಶಿಯಾ ದೇಶದ ಪೆನಾಂಗ್ ಎಂಬ ಊರಿನ ಬಾಡಿಗೆ ರೂಮಿನಲ್ಲಿ, ನೆಲಕ್ಕೆ ಮಂಡಿಯೂರಿ, ಹಲ್ಲು ಕಚ್ಚಿಕೊಂಡು. ಅವಳು ಗೋಡೆ ಹಿಡಿದು ನಿಂತಿದ್ದಳು, ನಾನು ಎಳೆಯುತ್ತಿದ್ದೆ. ಅದು ಮಂಡಿ ದಾಟಿ ಮೇಲಕ್ಕೆ ಬರುವಷ್ಟರಲ್ಲಿ ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದಿದ್ದೆ, ಅವಳು ನನ್ನ ಮಗನನ್ನು ಬೈದು ಮುಗಿಸಿದ್ದಳು.

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನಗುವುದಕ್ಕೆ ಅಷ್ಟಾಗಿ ಇಲ್ಲ.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಹೇಳಿಕೊಟ್ಟು ಹೆಚ್ಚು ದಿನವಾಗಿಲ್ಲ. ಒಂದೇ ಬೆರಳಲ್ಲಿ ಬರೆಯುತ್ತೇನೆ. ಸೊಸೆಯನ್ನು ಇಲ್ಲಿ ಗಿರಿಜಾ ಎಂದು ಕರೆದಿದ್ದೇನೆ, ಅದು ಅವಳ ಹೆಸರಲ್ಲ. ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿದ್ದೇನೆ. ಒಂದು ಕಡೆ "ಇದು ತೆಗೀರಿ" ಅಂದಳು, ತೆಗೆದೆ. ಇನ್ನೊಂದು ಕಡೆ ನಾನೇ ನಾಚಿಕೆಯಿಂದ ತೆಗೆಯಲು ಹೋದೆ. "ಅದು ಇರ್ಲಿ" ಅಂದಳು. ಅದು ಇದೆ.

ಆಲಸನತ್ತಂ

ಹೊಸೂರಿನ ಆಲಸನತ್ತಂನಲ್ಲಿ ನಮ್ಮ ಮನೆ. ಮಗ ನಾಗರಾಜ, ಸೊಸೆ ಗಿರಿಜಾ ಇಬ್ಬರಿಗೂ ಮೂಕಂಡಪಲ್ಲಿಯ ಫ್ಯಾಕ್ಟರಿಗಳಲ್ಲಿ ಕೆಲಸ. ಗಿರಿಜಾ ಕ್ವಾಲಿಟಿ ಸೆಕ್ಷನ್ನಿನಲ್ಲಿದ್ದಾಳೆ. ಕಬ್ಬಿಣದ ತುಂಡಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ವಾಪಸ್ ಕಳಿಸುವ ಹೆಂಗಸು. ನಾನು ಮಾಡಿದ ರಾಗಿ ಮುದ್ದೆಯನ್ನೂ ಹಾಗೇ ತಿರುಗಿಸಿ ತಿರುಗಿಸಿ ನೋಡುತ್ತಾಳೆ.

ಎರಡು ಹೆತ್ತ ಮೇಲೆ ಅವಳ ಹೊಟ್ಟೆ ಒಳಕ್ಕೆ ಹೋಗಲೇ ಇಲ್ಲ. ಕೈಕಾಲು ಸಣ್ಣ, ಮುಖ ಸಣ್ಣ, ಹೊಟ್ಟೆ ಮಾತ್ರ ಆರು ತಿಂಗಳ ಬಸುರಿಯದು. ಉಪವಾಸ ಮಾಡಿದಳು, ಬೆಳಿಗ್ಗೆ ಎದ್ದು ಓಡಿದಳು, ಒಂದು ವರ್ಷ ಅನ್ನ ಬಿಟ್ಟಳು. ಮೈಯೆಲ್ಲ ಇಳಿಯಿತು, ಹೊಟ್ಟೆ ಇಳಿಯಲಿಲ್ಲ. ಕಂಪನಿ ಬಸ್ಸಿಗೆ ಹೊಸದಾಗಿ ಬಂದ ಹುಡುಗಿಯರು ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. "ಅಕ್ಕಾ, ಎಷ್ಟು ತಿಂಗ್ಳು?" ಎಂದು ಕೇಳುತ್ತಿದ್ದರು. ಹೂವಿನವಳು ಒಂದು ಮೊಳ ಹೆಚ್ಚಿಗೆ ಕೊಟ್ಟು "ಈ ಕಿತ ಗಂಡೇ ಕಣಮ್ಮ" ಅಂದಿದ್ದಳಂತೆ. ಗಿರಿಜಾ ಮನೆಗೆ ಬಂದು ಇದನ್ನೆಲ್ಲ ನಗುತ್ತ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಾನು. ನಗುವ ಕೆಲಸದಲ್ಲಿ ನನ್ನನ್ನು ಯಾರೂ ಹಿಂದೆ ಹಾಕಿಲ್ಲ.

ಒಂದು ಭಾನುವಾರ ಅವಳು ಹುಣಸೆಹಣ್ಣು ಬಿಡಿಸುತ್ತ ಹೇಳಿದಳು.

"ಅತ್ತೆ, ನಾನು ಹೊಟ್ಟೆ ಆಪರೇಸನ್ ಮಾಡಿಸ್ಕೊಂತೀನಿ. ಅವ್ರು ಒಪ್ಪವ್ರೆ. ಪೆನಾಂಗ್ನಾಗೆ."

"ಅದ್ಯಾವ ಊರೇ? ಬೆಂಗ್ಳೂರ್ನಾಗೆ ಆಸ್ಪತ್ರೆ ಇಲ್ವಾ?"

"ಐತೆ. ಅಲ್ಲಿ ಮಾಡಿಸ್ಕೊಂಡ್ರೆ ನಿಮ್ ತಂಗಿ ಎಳ್ನೀರು ಇಡ್ಕೊಂಡು ವಾರ್ಡಿಗೇ ಬತ್ತಾರೆ. ಮಾರ್ನೇ ದಿನ ಕೃಷ್ಣಗಿರಿ ಮಾವಿನ್ ಮಂಡಿಗೆಲ್ಲ ಸುದ್ದಿ."

ನನ್ನ ತಂಗಿಯ ಮನೆ ಮಂಡಿಯ ಎದುರಿಗೇ ಇದೆ. ಅವಳ ಬಾಯಿ ಮಂಡಿಗಿಂತ ದೊಡ್ಡದು.

"ಜೊತೆಗೊಬ್ರು ಹೆಂಗಸ್ರು ಬೇಕು. ನಮ್ಮಮ್ಮ ಇಲ್ಲ," ಅಂದಳು ಗಿರಿಜಾ, ಹುಣಸೆಬೀಜವನ್ನೇ ನೋಡುತ್ತ. "ನೀವ್ ಬತ್ತೀರಾ?"

ನನ್ನ ಎದೆ ಒಂದು ಗೇಣು ಉಬ್ಬಿತು. ಕಾರಣ ಇದೆ. ಕೃಷ್ಣಗಿರಿ ಪಕ್ಕದ ನಮ್ಮ ಹಳ್ಳಿಯಲ್ಲಿ ಯಾರಿಗೆ ಹೆರಿಗೆಯಾದರೂ ಬಾಣಂತಿಯ ಹೊಟ್ಟೆ ಕಟ್ಟುವುದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಯನ್ನು ಉದ್ದಕ್ಕೆ ಮಡಿಸಿ, ಸೊಂಟದಿಂದ ಶುರುಮಾಡಿ, ಸುತ್ತಿಗೊಂದು ಸಲ ಎಳೆದು, ಪಕ್ಕಕ್ಕೆ ಗಂಟು. ತೆಲುಗರ ಮನೆಯವರೂ ಕರೆಯುತ್ತಿದ್ದರು, ತಮಿಳರ ಮನೆಯವರೂ ಕರೆಯುತ್ತಿದ್ದರು. ನಾನು ಕಟ್ಟಿದ ಹೊಟ್ಟೆ ಹಲಗೆಯಾಗುತ್ತದೆ ಎಂಬ ಮಾತಿತ್ತು. ಗಿರಿಜಾಳಿಗೂ ಎರಡು ಬಾಣಂತನದಲ್ಲೂ ನಾನೇ ಕಟ್ಟಿದ್ದೆ. ಅವಳೊಬ್ಬಳ ಹೊಟ್ಟೆ ಯಾಕೆ ಹಲಗೆಯಾಗಲಿಲ್ಲ ಎಂದು ಮಾತ್ರ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಪಕ್ಕದ ಮನೆಯ ಸೆಲ್ವಿಗೆ, ಮಲೇಶಿಯಾದ ಮುರುಗನ ಗುಡಿಗೆ ಹೋಗುತ್ತಿದ್ದೇವೆ ಅಂದೆವು. "ವಿಭೂತಿ ತನ್ನಿ" ಅಂದಳು. ದೇವರ ಹೆಸರಲ್ಲಿ ಸುಳ್ಳು ಹೇಳಿ ಹೊರಟವರಿಗೆ ಏನಾಗಬೇಕೋ ಅದು ಆಗುತ್ತದೆ ಎಂದು ಆಗ ಅನ್ನಿಸಲಿಲ್ಲ.

ವಿಮಾನ

ನನ್ನ ಚೀಲದಲ್ಲಿ ಬಾಣಂತಿ ಖಾರದ ಪುಡಿ, ಒಣಶುಂಠಿ, ಬೆಳ್ಳುಳ್ಳಿ, ತೋತಾಪುರಿ ಉಪ್ಪಿನಕಾಯಿ, ಹಳೇ ನೂಲಿನ ಸೀರೆಗಳು ಇದ್ದವು. ಗಿರಿಜಾ ಚೀಲ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡಳು.

"ನಾನೇನ್ ಹೆರೋಕ್ ಹೋಯ್ತಾ ಇದೀನಾ ಅತ್ತೆ?"

"ಹೊಟ್ಟೆ ಕುಯ್ಯಿಸ್ಕೊಂಡ್ಮೇಲೆ ಬಾಣಂತಿನೇ ಕಣೆ. ಮಗು ಒಂದಿಲ್ಲ, ಅಷ್ಟೇ."

ಅವಳು ನಕ್ಕಳು. ಈ ಮಾತನ್ನು ನಾನು ತಮಾಷೆಗೆ ಆಡಿದ್ದೆ. ಆದರೆ ನಿಜಕ್ಕೂ ಹಾಗೆಯೇ ನಂಬಿಕೊಂಡಿದ್ದೆ.

ಆ ದೇಶದ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಖಾರದ ಪುಡಿಯ ಪೊಟ್ಟಣವನ್ನು ಮೂಗಿಗೆ ಹಿಡಿದ. ಹಿಡಿದವನು ಸೀನಿದ, ಅವನ ಪಕ್ಕದವನೂ ಸೀನಿದ. ಕೈಬೀಸಿ ನಮ್ಮನ್ನು ಕಳಿಸಿಬಿಟ್ಟರು. ನಮ್ಮ ಹೊಸೂರು ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನಲ್ಲೂ ಒಂದು ಪೊಟ್ಟಣ ಇಟ್ಟುಕೊಂಡರೆ ಒಳ್ಳೆಯದು ಎಂದುಕೊಂಡೆ.

ಆಸ್ಪತ್ರೆ

ಡಾಕ್ಟರು ಚೀನೀ ಮನುಷ್ಯ, ನನ್ನ ಮಗನಿಗಿಂತ ಚಿಕ್ಕವರು. ಎಲ್ಲ ಹೇಳಿ ಮುಗಿಸಿ ನನ್ನ ಕಡೆ ತಿರುಗಿ "ಡೋಂಟ್ ವರಿ ಲಾ" ಅಂದರು. ನನಗೆ ಕೋಪ ಬಂತು. ನಮ್ಮ ಕಡೆ 'ಲಾ' ಅನ್ನುವುದು ಮಗನಿಗೆ, ಜೊತೆಯಲ್ಲಿ ದನ ಕಾಯ್ದವನಿಗೆ. ಮೊದಲ ಭೇಟಿಯಲ್ಲೇ ಅಜ್ಜಿಗೆ ಲಾ ಅಂದರೆ? ಆಮೇಲೆ ನೋಡಿದರೆ ಅಲ್ಲಿ ಎಲ್ಲರಿಗೂ ಲಾ. ಟ್ಯಾಕ್ಸಿಯವನು ಲಾ, ಕಾಫಿಯವಳು ಲಾ, ಬ್ಯಾಂಕಿನವರೂ ಲಾ. ಎರಡು ದಿನ ಕಳೆಯುವಷ್ಟರಲ್ಲಿ ನನಗೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ಹಾಯೆನಿಸಿತು.

ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಹೆರಿಗೆಯಲ್ಲಿ ಹೊಟ್ಟೆಯ ನಡುವಿನ ಸ್ನಾಯು ಎರಡು ಕಡೆಗೆ ಸರಿದುಬಿಟ್ಟಿದೆ. ಓಡಿದರೂ ಉಪವಾಸ ಮಾಡಿದರೂ ಕೂಡಿಕೊಳ್ಳುವುದಿಲ್ಲ. ಹೊಲಿದು ಕೂಡಿಸಬೇಕು, ಜೋತ ಚರ್ಮ ಕತ್ತರಿಸಬೇಕು. ಇದನ್ನೆಲ್ಲ ನನಗೆ ತಮಿಳಿನಲ್ಲಿ ತಿಳಿಸಿದವಳು ನರ್ಸ್ ಕಮಲಾ. ಅಲ್ಲೇ ಹುಟ್ಟಿದ ತಮಿಳು ಹುಡುಗಿ.

"ನಾನು ಕಟ್ಟಿದ್ದೆನಲ್ಲಮ್ಮ, ಎರಡು ಸಲವೂ," ಅಂದೆ.

"ಕಟ್ಟಿನಿಂದ ಇದು ಸೇರುವುದಿಲ್ಲ ಪಾಟ್ಟಿ," ಅಂದಳು. ಪಾಟ್ಟಿ ಅಂದರೆ ಅಜ್ಜಿ. ಮೆತ್ತಗೇ ಹೇಳಿದಳು. ಆದರೂ ನನಗೆ ಎಲ್ಲೋ ಚುಚ್ಚಿತು. ಅಷ್ಟು ಮನೆಗಳಲ್ಲಿ ಅಷ್ಟು ಹೆಂಗಸರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡದ್ದು ಯಾವ ಲೆಕ್ಕಕ್ಕೆ ಹೋಯಿತು?

ಆಪರೇಷನ್ ಚೆನ್ನಾಗಿ ಆಯಿತು. ಹೊರಗೆ ಬಂದಾಗ ಗಿರಿಜಾ ಒಂದು ಅಂಗಿಯೊಳಗಿದ್ದಳು. ಬಿಸ್ಕತ್ತಿನ ಬಣ್ಣ, ಎದೆಯ ಕೆಳಗಿನಿಂದ ತೊಡೆಯವರೆಗೆ ಮೈಗೆ ಅಂಟಿಕೊಂಡಿದೆ, ಎರಡೂ ಪಕ್ಕ ಸಾಲು ಹುಕ್ಕುಗಳು, ಅದರ ಮೇಲೆ ಜಿಪ್ಪು. ಇಂಗ್ಲಿಷಿನಲ್ಲಿ ಕಂಪ್ರೆಷನ್ ಗಾರ್ಮೆಂಟ್. ನಾನು ಬಿಗಿಯಂಗಿ ಅಂದೆ. ಒಳಗೆ ನೀರು ತುಂಬದಂತೆ, ಊತ ಇಳಿಯುವಂತೆ, ಹೊಲಿದದ್ದು ಅಲುಗದಂತೆ ಅದು ಹಿಡಿದಿಡಬೇಕಂತೆ. ತೊಟ್ಟುಕೊಳ್ಳಲು ಒಂದು, ಒಗೆದು ಹಾಕಲು ಇನ್ನೊಂದು ಕೊಟ್ಟರು.

ಬಿಗಿಯಂಗಿಯ ಶಾಸ್ತ್ರವನ್ನೆಲ್ಲ ಕಮಲಾ ನನಗೆ ಹೇಳಿದಳು. ಸ್ನಾನಕ್ಕೆ ಮಾತ್ರ ಬಿಚ್ಚಬೇಕು. ಮಂಚದ ಮೇಲೆ ಕೂರಿಸಿಯೇ ಬಿಚ್ಚಬೇಕು, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಒಗೆಯುವುದು ತಣ್ಣೀರಲ್ಲಿ, ಕೈಯಲ್ಲಿ. ಹಿಂಡಬಾರದು, ಬಿಸಿಲಿಗೆ ಹಾಕಬಾರದು. "ಎಲ್ಲಕ್ಕಿಂತ ಮುಖ್ಯ ಪಾಟ್ಟಿ, ಒಳಗೆ ಒಂದು ಮಡಿಕೆಯೂ ಇರಬಾರದು. ಕೈಯಿಂದ ಸವರಿ ಸವರಿ ನೋಡಬೇಕು."

ನಾನು ತಲೆಯಾಡಿಸಿದೆ. ಬಟ್ಟೆ ಒಗೆಯುವುದನ್ನು ಈ ಹುಡುಗಿಯಿಂದ ಕಲಿಯಬೇಕೇ ಎಂದೂ ಒಳಗೊಳಗೆ ಅಂದುಕೊಂಡೆ.

ಬಾಡಿಗೆ ರೂಮು

ಆಸ್ಪತ್ರೆಯಿಂದ ಬಿಟ್ಟ ಮೇಲೆ ಹತ್ತಿರದಲ್ಲೇ ಒಂದು ಹಳೇ ಮನೆಯ ಮಾಳಿಗೆಯಲ್ಲಿ ಉಳಿದೆವು. ಕೆಳಗೆ ಮನೆ ಒಡತಿ, ನನ್ನ ವಯಸ್ಸಿನ ಚೀನೀ ಹೆಂಗಸು. ಎಲ್ಲರೂ ಆಂಟಿ ಲಿಮ್ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವಳು ದಿನಾ ಬೆಳಿಗ್ಗೆ ಹೊಸ್ತಿಲ ಹೊರಗೆ ಊದುಬತ್ತಿ ಹಚ್ಚಿ ಆಕಾಶಕ್ಕೆ ಕೈಮುಗಿಯುತ್ತಿದ್ದಳು, ಆಮೇಲೆ ತಿಂಡಿಗೆ ಅಂಗಡಿಗೆ ಹೊರಡುತ್ತಿದ್ದಳು. ಅಲ್ಲಿ ಬೆಳಗಿನ ಹೊತ್ತು ಮನೆಯ ಒಲೆ ಹಚ್ಚುವವರು ಕಡಿಮೆ. ನಮ್ಮಲ್ಲಿ ಬೆಳಿಗ್ಗೆ ಒಲೆ ಹಚ್ಚದಿದ್ದರೆ ಪಕ್ಕದ ಮನೆಯವರು ಯಾರು ಹೋದರು ಎಂದು ಕೇಳಿಕೊಂಡು ಬರುತ್ತಾರೆ.

ಮೊದಲ ಸ್ನಾನದ ದಿನ ಹುಕ್ಕು ಬಿಚ್ಚುತ್ತಿದ್ದ ಹಾಗೆಯೇ ಗಿರಿಜಾಳ ಮುಖ ಬಿಳಿಚಿಕೊಂಡು ತಲೆ ನನ್ನ ಭುಜದ ಮೇಲೆ ಬಿತ್ತು. ಕೂರಿಸಿದ್ದೆ, ಪುಣ್ಯ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಕೆಳಗೆ ನೋಡಿಕೊಂಡಳು. ಊದಿಕೊಂಡಿತ್ತು, ಕೆಳಹೊಟ್ಟೆಯಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಸಣ್ಣ ಹೊಲಿಗೆ ಇತ್ತು. ಆದರೆ ಚಪ್ಪಟೆ. ತನ್ನ ಕಾಲ್ಬೆರಳು ಅವಳಿಗೆ ಕಾಣಿಸುತ್ತಿತ್ತು.

"ಅತ್ತೆ, ನೋಡಿ," ಅಂದಳು. "ಇನ್ಮೇಲೆ ಯಾವಳೂ ನಂಗೆ ಸೀಟ್ ಬಿಟ್ಕೊಡಲ್ಲ."

ನಾವಿಬ್ಬರೂ ನಕ್ಕೆವು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಅವಳು ಬೈದಳು.

ಒಂದು ಎಡವಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ಬಿಗಿಯಂಗಿಯನ್ನು ಮಡಿಸುವಾಗ ಕೆಳಗೆ ದೊಡ್ಡ ಕಂಡಿ ಕಂಡಿತು. ಹರಿದಿದೆ ಎಂದು ಸೂಜಿದಾರ ತೆಗೆದು ಚೆನ್ನಾಗಿ ಹೊಲಿದೆ. ಮಾರನೇ ದಿನ ಗಿರಿಜಾ ಬಚ್ಚಲಿನಿಂದ ಕಿರುಚಿಕೊಂಡಳು. ಅದು ಬಿಚ್ಚದೆಯೇ ಬಚ್ಚಲಿಗೆ ಹೋಗಿಬರಲೆಂದು ಅವರೇ ಬಿಟ್ಟಿದ್ದ ಕಂಡಿ. ನಾನು ಕತ್ತರಿ ಹಿಡಿದು ಓಡಿದೆ.

"ಕತ್ರೀಲಿ ಬಟ್ಟೆ ಕತ್ರಿಸ್ಬುಟ್ಟೀರಾ ಅತ್ತೆ! ದಾರ ಬಿಡ್ಸಿ, ದಾರ!"

"ಬಿಡಿಸ್ತಾವ್ನಿ, ತಡ್ಕೊಳೆ!"

"ತಡ್ಕೊಳೋಕೆ ಆಗ್ದೇ ತಾನೇ ಕಿರುಚ್ತಾ ಇರೋದು!"

ಕೆಳಗಿನಿಂದ ಆಂಟಿ ಲಿಮ್ ಹತ್ತಿ ಬಂದಳು. ಯಾವ ಭಾಷೆಯೂ ಬೇಕಾಗಲಿಲ್ಲ, ನೋಡಿದ ಕೂಡಲೇ ಅರ್ಥವಾಗಿ ಮೆಟ್ಟಿಲ ಮೇಲೆ ಕೂತು ಬಾಯಿಗೆ ಸೆರಗಿಲ್ಲದ ಕಾರಣ ಅಂಗೈ ಮುಚ್ಚಿ ನಕ್ಕಳು. ಅವತ್ತಿನಿಂದ ನಾವು ಗೆಳತಿಯರಾದೆವು. ನನ್ನ ಒಣಶುಂಠಿ ಮೂಸಿ ನೋಡಿ ತಲೆದೂಗಿದಳು. ಅವರಲ್ಲೂ ಹೆತ್ತವಳಿಗೆ ಶುಂಠಿಯಂತೆ, ತಣ್ಣೀರು ಮುಟ್ಟಿಸುವುದಿಲ್ಲವಂತೆ, ಗಿರಿಜಾ ಇಂಗ್ಲಿಷಿನಲ್ಲಿ ಕೇಳಿ ಹೇಳಿದಳು. ತನ್ನ ಹೊಟ್ಟೆಯ ಸುತ್ತ ಕೈಯಾಡಿಸಿ, ಬಟ್ಟೆ ಸುತ್ತಿ ಎಳೆದು ಕಟ್ಟುವ ಹಾಗೆ ಮಾಡಿ ತೋರಿಸಿದಳು. ನಾನು ಎದ್ದು ನನ್ನ ಹಳೇ ಸೀರೆ ತಂದು ತೋರಿಸಿದೆ. ಹೆಬ್ಬೆರಳೆತ್ತಿದಳು. ಸಾವಿರಾರು ಮೈಲಿ ಆಚೆ ನನ್ನ ಕೈಕಸುಬಿಗೆ ಒಬ್ಬ ಸಾಕ್ಷಿ ಸಿಕ್ಕಿದಳು ಎಂದು ನನಗೆ ಎಷ್ಟು ಸಂತೋಷವಾಯಿತು ಎಂದರೆ, ಈಗ ನೆನೆದರೆ ಮೈ ಉರಿಯುತ್ತದೆ.

ಒಗೆತ

ಪೆನಾಂಗಿನಲ್ಲಿ ದಿನಾ ಮಧ್ಯಾಹ್ನ ಮಳೆ. ಬಟ್ಟೆ ಒಣಗುವುದಿಲ್ಲ, ಬೇಸತ್ತು ಸುಮ್ಮನಾಗುತ್ತದೆ. ಹೊಸೂರಿನ ನಮ್ಮ ಮಾಳಿಗೆಯ ಬಿಸಿಲನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಬರಬೇಕಿತ್ತು ಅನ್ನಿಸುತ್ತಿತ್ತು.

ಒಂದು ದಿನ ಬಿಗಿಯಂಗಿಗೆ ಗಾಯದ ಕೆಂಪು ನೀರು ತಾಗಿತ್ತು. ಅದನ್ನು ತಣ್ಣೀರಲ್ಲಿ ಜಾಲಿಸಿ ಮತ್ತೆ ಗಾಯದ ಮೇಲೆಯೇ ಹಾಕುವುದೇ? ನನ್ನ ಮನಸ್ಸು ಒಪ್ಪಲಿಲ್ಲ. ಬಾಣಂತಿಯ ಬಟ್ಟೆ ಎಂದರೆ ಕುದಿಯುವ ನೀರಿಗೆ ಹಾಕಬೇಕು, ಕಲ್ಲಿಗೆ ಒಗೆಯಬೇಕು, ಸುಡುಬಿಸಿಲಿಗೆ ಹರವಬೇಕು. ಇಷ್ಟು ಮಾಡದವಳನ್ನು ನಮ್ಮ ಹಳ್ಳಿಯಲ್ಲಿ ಮನೆಯೊಳಗೇ ಸೇರಿಸುತ್ತಿರಲಿಲ್ಲ. ಗಿರಿಜಾ ಮಲಗಿದ್ದಾಗ ಕೆಟಲ್ಲಿನಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ಸುರಿದು ಬಿಗಿಯಂಗಿಯನ್ನು ಮುಳುಗಿಸಿದೆ. ಕಲ್ಲಿರಲಿಲ್ಲ, ಬಚ್ಚಲ ನೆಲಕ್ಕೇ ಎರಡೇಟು ಹಾಕಿದೆ. ಹಿಂಡಿದೆ. ಮಳೆ ಬರುವ ಮುಂಚೆ ಸಿಕ್ಕಿದ ಬಿಸಿಲಿಗೆ ಒಡ್ಡಿದೆ. ಗರಿಗರಿಯಾಗಿ ಒಣಗಿತು. ಎಷ್ಟು ಹೆಮ್ಮೆಯಾಯಿತು ಗೊತ್ತೇ?

ಮಾರನೇ ದಿನ ಸ್ನಾನವಾದ ಮೇಲೆ ಅದನ್ನೇ ತೊಡಿಸಿದೆ. ಮೈಮೇಲಿದ್ದದ್ದನ್ನು ಒಗೆದು ನೆರಳಿಗೆ ಹಾಕಿದೆ. ಬಿಸಿಲಲ್ಲಿ ಒಣಗಿಸಿದ್ದು ಬೆಣ್ಣೆಯ ಹಾಗೆ ಸಲೀಸಾಗಿ ಮೇಲೆ ಬಂತು. ಮಂಡಿಯೂರಲೇ ಬೇಕಾಗಲಿಲ್ಲ. ಆಗಲೇ ತಿಳಿಯಬೇಕಿತ್ತು. ಸಂಜೆಯ ಹೊತ್ತಿಗೆ ಗಿರಿಜಾ ಪಕ್ಕೆ ಹಿಡಿದುಕೊಂಡು ನಿಂತಳು.

"ಯಾಕೋ ಸಡಿಲ ಅನ್ನಿಸ್ತೈತೆ ಅತ್ತೆ. ಹೆಜ್ಜೆ ಇಟ್ರೆ ಒಳಗೆಲ್ಲ ಅಲ್ಲಾಡ್ತದೆ."

ನಾನು ಅಂಚಿನೊಳಗೆ ಕೈಹಾಕಿ ನೋಡಿದೆ. ಎಳೆತವೇ ಇರಲಿಲ್ಲ. ಬಿಸಿನೀರು ಅದರ ಜೀವ ತೆಗೆದಿತ್ತು. ಇನ್ನೊಂದು ಇನ್ನೂ ನೀರು ಸೋರುತ್ತಿತ್ತು. ಆಸ್ಪತ್ರೆಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಿದರೆ ಕಮಲಾ ಹೇಗೆ ಒಗೆದಿರಿ ಎಂದು ಕೇಳುತ್ತಾಳೆ.

"ಊತ ಇಳ್ದೈತೆ ಕಣೆ, ಅದ್ಕೆ," ಅಂದೆ. "ನಾನ್ ಇಲ್ವಾ? ಕಟ್ತೀನಿ ಬಾ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೈಯೆತ್ತಿ ನಿಂತಳು.

ಹಳೇ ಸೀರೆ ತಂದು ಬಿಗಿಯಂಗಿಯ ಮೇಲೆಯೇ ಸುತ್ತಿದೆ. ಎಷ್ಟು ವರ್ಷದ ಮೇಲೆ ಕೈಗೆ ಆ ಕೆಲಸ ಸಿಕ್ಕಿತ್ತು! ಕೈ ತಾನಾಗಿಯೇ ನಡೆಯಿತು. ಸುತ್ತು, ಎಳೆ, ಸುತ್ತು, ಎಳೆ. ಗಿರಿಜಾ ಸುಮ್ಮನಿದ್ದಳು. ಇನ್ನೂ ಎಳೆದೆ.

ಬಾಣಂತಿಯರು ಸುಮ್ಮನಿರುವುದಿಲ್ಲ. "ಸಾಕು ಕಣಕ್ಕಾ, ಉಸ್ರು ಕಟ್ತದೆ" ಅನ್ನುತ್ತಾರೆ. ಅಲ್ಲಿ ನಾನು ನಿಲ್ಲಿಸುತ್ತಿದ್ದೆ. ಇಷ್ಟು ವರ್ಷ ನನ್ನ ಕೈಗೆ ಹದ ಗೊತ್ತಿದೆ ಎಂದುಕೊಂಡಿದ್ದೆನಲ್ಲ, ಆ ಹದ ನನ್ನ ಕೈಯಲ್ಲಿ ಇರಲಿಲ್ಲ, ಅವರ ಬಾಯಲ್ಲಿತ್ತು. ಆಪರೇಷನ್ ಆದ ಹೊಟ್ಟೆಯ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶವೇ ಇರುವುದಿಲ್ಲವಂತೆ. ಚಿವುಟಿದರೂ ಗೊತ್ತಾಗುವುದಿಲ್ಲವಂತೆ. ಗಿರಿಜಾಳ ಹೊಟ್ಟೆ 'ಸಾಕು' ಅನ್ನುವ ಸ್ಥಿತಿಯಲ್ಲೇ ಇರಲಿಲ್ಲ.

"ಹೆಂಗೈತೆ?" ಎಂದು ಕೇಳಿದೆ.

"ಗಟ್ಟಿಯಾಗ್ ಐತೆ ಅತ್ತೆ. ಅಮ್ಮ ಇಡ್ಕೊಂಡಂಗೆ ಐತೆ," ಅಂದು ಒರಗು ಕುರ್ಚಿಯಲ್ಲಿ ಮಲಗಿದಳು.

ಈ ಸಾಲನ್ನೇ ನಾನು ತೆಗೆಯಲು ಹೋದದ್ದು.

ಮತ್ತೆ ಆಸ್ಪತ್ರೆ

ಬೆಳಿಗ್ಗೆ ಸೀರೆ ಬಿಚ್ಚಿದೆ. ಕೆಳಗೆ ಸಡಿಲ ಬಿಗಿಯಂಗಿ ಚಪಾತಿಯಂತೆ ಮಡಿಸಿಕೊಂಡು, ಹೊಲಿಗೆಯ ಮೇಲುಗಡೆಯೇ ಒತ್ತಿ ಕೂತಿತ್ತು. ಹುಕ್ಕು ಬಿಚ್ಚಿ ಸರಿಸಿದರೆ ಎರಡು ಬೆರಳಗಲ ಚರ್ಮ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ತಣ್ಣಗಿದೆ. ಗಿರಿಜಾ ನೋಯುತ್ತಿಲ್ಲ, ನೋಯುತ್ತಿಲ್ಲ ಅನ್ನುತ್ತಲೇ ಇದ್ದಳು. ನೋಯದಿರುವುದೇ ಕೆಟ್ಟದ್ದು ಎಂದು ಆಮೇಲೆ ತಿಳಿಯಿತು.

ಡಾಕ್ಟರು ಬೆರಳಿಂದ ಒತ್ತಿ ನೋಡಿದರು. ಈ ಸಲ ಲಾ ಅನ್ನಲಿಲ್ಲ. ಅಲ್ಲಿ ರಕ್ತ ಓಡಾಡಿಲ್ಲ, ಎಷ್ಟು ಉಳಿಯುತ್ತದೆ ಎಷ್ಟು ಸಾಯುತ್ತದೆ ಎಂದು ಕಾದು ನೋಡಬೇಕು ಅಂದರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು, ಇದರ ಮೇಲೆ ಯಾರು ಕಟ್ಟಿದ್ದು? ಅಷ್ಟು ಇಂಗ್ಲಿಷು ನನಗೆ ಬರುತ್ತದೆ.

"ನಾನೇ," ಅಂದಳು ಗಿರಿಜಾ. "ಸಡಿಲ ಅನ್ನಿಸಿತು, ನಾನೇ ಕಟ್ಟಿಕೊಂಡೆ."

ಡಾಕ್ಟರು ಅವಳಿಗೆ ಬೈದರು. ಓದಿದವರು ಹೀಗೆ ಮಾಡಬಹುದೇ ಅಂದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಗೋಡೆಯ ಮೇಲಿದ್ದ ಮೀನಿನ ಚಿತ್ರ ನೋಡುತ್ತ ನಿಂತಿದ್ದೆ. ನಾನು ಕಟ್ಟಿದ್ದು ಎಂಬುದನ್ನು ಹೇಳಲು ಮೂರು ಭಾಷೆ ಇತ್ತು ನನ್ನ ಹತ್ತಿರ. ಊರಲ್ಲಿ ಯಾರಾದರೂ ಒಂದು ಮಾತಂದರೆ ಮೂರರಲ್ಲೂ ತಿರುಗಿಸಿ ಕೊಡುವವಳು ನಾನು.

ಸ್ವಲ್ಪ ಉಳಿಯಿತು, ಸ್ವಲ್ಪ ಸತ್ತಿತು. ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಅಲ್ಲಿ ಗಾಯ ಬಾಯಿ ಬಿಟ್ಟುಕೊಂಡಿತು. ಒಳಗಿನಿಂದ ನಿಧಾನಕ್ಕೆ ತುಂಬಿಕೊಂಡು ಬರಬೇಕು, ಕಲೆ ಅಗಲವಾಗಿ ಉಳಿಯುತ್ತದೆ, ಮುಂದೆ ಬೇಕಾದರೆ ಸರಿಪಡಿಸಬಹುದು, ಖಾತ್ರಿಯಿಲ್ಲ ಅಂದರು. ನಾವು ಹೊರಡುವ ದಿನ ಮುಂದಕ್ಕೆ ಹೋಯಿತು. ನಾಗರಾಜ ಫೋನು ಮಾಡಿದಾಗ ಗಿರಿಜಾಳೇ ತೆಗೆದುಕೊಂಡಳು. "ಗಾಯ ಒಂಚೂರು ಲೇಟಾಗಿ ವಾಸಿ ಆಯ್ತಾ ಐತೆ. ಅತ್ತೆ ನೋಡ್ಕೊಂತಾವ್ರೆ," ಅಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ.

ಸಮುದ್ರದ ಕಟ್ಟೆ

ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಸಂಜೆ ಸಮುದ್ರದ ಕಟ್ಟೆಯ ಮೇಲೆ ನಡೆಯುತ್ತಿದ್ದೆವು. ಗಿರಿಜಾ ಹೊಲಿಗೆ ಎಳೆಯದಂತೆ ಬಗ್ಗಿ ನಡೆಯುತ್ತಿದ್ದಳು, ನಾನು ಸೊಂಟ ಹಿಡಿದುಕೊಂಡು. ಆ ಊರಿನ ಮುದುಕಿಯರು ಬಣ್ಣಬಣ್ಣದ ಬೀಸಣಿಗೆ ಹಿಡಿದು ಸಾಲಾಗಿ ನಿಂತು ಹಾಡಿಗೆ ಸರಿಯಾಗಿ ಕೈಕಾಲು ಆಡಿಸುತ್ತಿದ್ದರು. ನಮ್ಮ ಕಡೆ ಆ ವಯಸ್ಸಿಗೆ ಜಗಲಿಯೇ ವ್ಯಾಯಾಮ. ಬೇರೆ ದಿನವಾಗಿದ್ದರೆ ನಾನೂ ಸಾಲಿಗೆ ಸೇರಿಕೊಂಡು ಗಿರಿಜಾಳ ಮಾನ ಕಳೆಯುತ್ತಿದ್ದೆ.

ಅವಳು ಸಮುದ್ರದ ಕಡೆ ನೋಡುತ್ತ ಕೇಳಿದಳು.

"ಬಿಸ್ನೀರಾ ಅತ್ತೆ?"

"ಹ್ಞೂಂ."

"ಕುಕ್ಕಿದ್ರಾ?"

"ಎರಡೇ ಏಟು."

"ಇಂಡಿದ್ರಿ."

"ಇಂಡ್ದೆ. ಯಾವಾಗ ಗೊತ್ತಾಯ್ತೆ ನಿಂಗೆ?"

"ಹಾಕ್ಕೊಂಡಾಗ್ಲೇ. ಇಲಾಸ್ಟಿಕ್ ಸತ್ತಿರೋದು ಗೊತ್ತಾಗಲ್ವಾ ನಂಗೆ? ದಿನಾ ಹೆಚ್ಚುಕಮ್ಮಿ ನೋಡೋದೇ ನನ್ ಕೆಲ್ಸ."

"ಗೊತ್ತಿದ್ದೂ ನನ್ ಕೈಲಿ ಕಟ್ಟಿಸ್ಕೊಂಡ್ಯಲ್ಲೇ?"

ಬೀಸಣಿಗೆಯ ಮುದುಕಿಯರು ಒಟ್ಟಿಗೆ ಪಟ್ ಎಂದು ಬೀಸಣಿಗೆ ಮಡಿಸಿದರು. ಗಿರಿಜಾ ಆ ಕಡೆ ತಿರುಗಿ ನೋಡಿ, ಮತ್ತೆ ನಡೆಯತೊಡಗಿದಳು.

"ಬಟ್ಟೆ ಮೇಲೆ ನಂಬ್ಕೆ ಇರ್ಲಿಲ್ಲ. ನಿಮ್ ಕೈ ಮೇಲೆ ಇತ್ತು," ಅಂದಳು.

ಇತ್ತು ಅಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆಮೇಲೆ ಅವಳು ಬಿಗಿಯಂಗಿಯನ್ನು ಆಸ್ಪತ್ರೆಯಲ್ಲೇ ಬದಲಾಯಿಸಿಕೊಳ್ಳತೊಡಗಿದಳು. ಡ್ರೆಸ್ಸಿಂಗಿಗೆ ಹೋದಾಗ ಕಮಲಾ ತೊಡಿಸುತ್ತಿದ್ದಳು. ನಾನು ಪರದೆಯ ಆಚೆ ಚೀಲ ಹಿಡಿದು ಕೂರುತ್ತಿದ್ದೆ. ಒಳಗೆ ಹುಕ್ಕುಗಳು ಒಂದೊಂದಾಗಿ ಬೀಳುವ ಸಣ್ಣ ಸದ್ದು ಕೇಳುತ್ತಿತ್ತು. ಅದು ನನ್ನ ಕೆಲಸವಾಗಿತ್ತು. ಒಗೆಯುವುದನ್ನು ಮಾತ್ರ ಗಿರಿಜಾ ನನಗೆ ಬಿಟ್ಟಿದ್ದಳು. ತಣ್ಣೀರಲ್ಲಿ, ಹಸುಗೂಸಿನ ತಲೆ ತೊಳೆದ ಹಾಗೆ ತೊಳೆಯುತ್ತಿದ್ದೆ. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತುತ್ತಿದ್ದೆ. ಆಸ್ಪತ್ರೆಯವರು ಕೊಟ್ಟ ಹೊಸ ಬಿಗಿಯಂಗಿ ಒಣಗುವವರೆಗೂ ಅದರ ಮುಂದೆಯೇ ಕೂತಿರುತ್ತಿದ್ದೆ, ಬಿಸಿಲು ಹತ್ತಿರ ಬಂದರೆ ಅದನ್ನು ನೆರಳಿಗೆ ಸರಿಸುತ್ತಿದ್ದೆ. ಆಂಟಿ ಲಿಮ್ ಒಂದು ಸಲ ಬಂದು ಗಿರಿಜಾಳ ಹೊಟ್ಟೆಯ ಕಡೆ ಕೈತೋರಿಸಿ ಕಟ್ಟುವ ಸನ್ನೆ ಮಾಡಿದಳು. ಹಾಗೆ ಮಾಡಬೇಡ ಎಂದು ತಿಳಿಸಲು ನನಗೆ ಸನ್ನೆ ಸಿಗಲಿಲ್ಲ. ಅವಳ ಎರಡೂ ಕೈ ಹಿಡಿದು ಕೆಳಗಿಳಿಸಿದೆ.

ಹೊರಡುವ ಬೆಳಿಗ್ಗೆ

ಊರಿಗೆ ಹೊರಡುವ ಬೆಳಿಗ್ಗೆ ಆಸ್ಪತ್ರೆಗೆ ಹೋಗಿಬರುವಷ್ಟು ಹೊತ್ತಿರಲಿಲ್ಲ. ಗಾಯ ಮುಚ್ಚಿಕೊಂಡಿತ್ತು, ವಿಮಾನ ಹತ್ತಬಹುದು ಎಂದಿದ್ದರು. ನಾನು ಬಾಗಿಲ ಹೊರಗೆ ಚೀಲಗಳ ಜೊತೆ ನಿಂತಿದ್ದೆ. ಒಳಗೆ ಗಿರಿಜಾ ಒಬ್ಬಳೇ ಎಳೆದಾಡುತ್ತಿದ್ದ ಸದ್ದು ಕೇಳುತ್ತಿತ್ತು. ಅದನ್ನು ಒಬ್ಬರೇ ತೊಟ್ಟುಕೊಳ್ಳಲು ಆಗುವುದಿಲ್ಲ. ಕೇಳಬೇಕೋ ಬೇಡವೋ ಎಂದು ನಾನು ಬಾಗಿಲ ಚಿಲಕವನ್ನು ಮುಟ್ಟಿ ಮುಟ್ಟಿ ಬಿಡುತ್ತಿದ್ದೆ.

"ಅತ್ತೆ," ಎಂದು ಕರೆದಳು. "ಒಳಕ್ಕ್ ಬನ್ನಿ."

ಹೋಗಿ ಮಂಡಿಯೂರಿದೆ. ಪಾದ, ಮಂಡಿ, ತೊಡೆ. ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಂದೆ. ಕಮಲಾ ಹೇಳಿದ ಹಾಗೆ ಅಂಗೈಯಲ್ಲಿ ಸವರಿ ಸವರಿ ನೋಡಿದೆ. ಹೊಟ್ಟೆಯ ಹತ್ತಿರ ಬಂದಾಗ ಕೈ ನಿಂತಿತು. ಹೊಲಿಗೆ ಎರಡೂ ಪಕ್ಕದಲ್ಲಿ ದಾರದಷ್ಟು ಸಣ್ಣಗೆ ಕೂಡಿಕೊಂಡಿತ್ತು. ನಡುವೆ ಮಾತ್ರ, ನನ್ನ ಸೀರೆ ಒತ್ತಿದ ಕಡೆ, ಅಗಲವಾದ ಕೆಂಪು ಹೊಳಪು, ಸುಕ್ಕು. ಡಾಕ್ಟರು ಮಾಡಿದ್ದು ಎಲ್ಲಿ ಮುಗಿದು ನಾನು ಮಾಡಿದ್ದು ಎಲ್ಲಿ ಶುರುವಾಯಿತು ಎಂದು ಕುರುಡರೂ ಮುಟ್ಟಿ ಹೇಳಬಹುದಿತ್ತು.

"ನಿನ್ ಹೊಟ್ಟೇನ ನಾನ್ ಹಾಳ್ ಮಾಡ್ಬುಟ್ನಲ್ಲೇ ಗಿರಿಜಾ," ಅಂದೆ. ಎಷ್ಟು ತಡೆದರೂ ಕಣ್ಣು ನಿಲ್ಲಲಿಲ್ಲ. ಹುಕ್ಕು ಕಾಣಿಸದಾಯಿತು.

ಅವಳು ಗೋಡೆಯಿಂದ ಕೈ ತೆಗೆದು ನನ್ನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದಳು.

"ಅಳೋದಾದ್ರೆ ಆಚೆ ಹೋಗಿ ಅತ್ಬುಟ್ಟು ಬನ್ನಿ ಅತ್ತೆ. ನನ್ ಹೊಟ್ಟೆ ನೋಡ್ಕೊಂಡು ಜನ ನಗೋದು ಸಾಕಾಗಿ ಇಲ್ಲೀಗಂಟ ಬಂದೆ. ಈಗ ಅದ್ನ ನೋಡ್ಕೊಂಡು ಅಳೋಕೆ ಬೇರೆ ಒಬ್ರು ಬೇಕಾ?"